ಮಸಿ, ಕೆಂಡ, ಸೊಂಟದ ಗಂಟು: ಚರ್ಮದ ಅರ್ಬುದವನ್ನು ಗುರುತಿಸಿದ ಚರಿತ್ರೆ

ಲಂಡನ್ನಿನ ಸಂತ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿದ್ದ ಪರ್ಸಿವಲ್ ಪಾಟ್ ಎಂಬಾತನು 1775ರಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಬರಹವೊಂದು ಅರ್ಬುದರೋಗದ ಚರಿತ್ರೆಯಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದುದು. ಆ ನಗರದ ಹೊಗೆಗೂಡುಗಳನ್ನು ಗುಡಿಸಲು ಎಳೆಯ ಬಾಲಕರನ್ನು ಅವುಗಳ ಇಕ್ಕಟ್ಟಾದ ಒಡಲಿನೊಳಕ್ಕೆ ಹತ್ತಿಸುತ್ತಿದ್ದರು; ಅವರ ವೃಷಣಚೀಲದ ಸುಕ್ಕುಗಳಲ್ಲಿ ಸೇರಿಕೊಂಡ ಮಸಿಯು ವರ್ಷಾನುಗಟ್ಟಲೆ ಅಲ್ಲಿಯೇ ನಿಂತು, ಅವರು ಪ್ರಾಯಕ್ಕೆ ಬಂದ ಮೇಲೆ ಗಡುಸಾದ ಅಂಚಿನ ಹುಣ್ಣಾಗಿ ಪರಿಣಮಿಸುತ್ತಿತ್ತು. ಅದನ್ನು ಗುಹ್ಯರೋಗವೆಂದು ಭಾವಿಸಿ ಪಾದರಸದ ಔಷಧಗಳನ್ನು ಕೊಡುವುದು ಅಂದಿನ ವೈದ್ಯರ ವಾಡಿಕೆಯಾಗಿತ್ತು. ಪಾಟನು ಹುಣ್ಣನ್ನು ನೋಡಿದ್ದಲ್ಲದೆ ರೋಗಿಯ ಕಸುಬನ್ನೂ ವಿಚಾರಿಸಿದನು. ಮಸಿಯೇ ಈ ವ್ಯಾಧಿಗೆ ಮೂಲವೆಂದೂ, ಅದು ಒಳಗಿನ ಅಂಗಗಳನ್ನು ಮುಟ್ಟುವುದಕ್ಕೆ ಮೊದಲೇ ಕತ್ತರಿಸಿ ತೆಗೆಯುವುದೊಂದೇ ಪರಿಹಾರವೆಂದೂ ಸಾರಿದನು. ನಿದಾನಕ್ಕೂ ಚಿಕಿತ್ಸೆಗೂ ರೋಗಿಯ ದಿನಚರಿಯೇ ದಾರಿಯಾದೀತೆಂಬ ಈ ತತ್ತ್ವವೇ ಮುಂದಿನ ಚರಿತ್ರೆಗೆ ಸೂತ್ರವಾಯಿತೆಂದು ನನ್ನ ಅಭಿಪ್ರಾಯ. ಪಾಟನ ಅನುಮಾನವು ಪ್ರಯೋಗದಿಂದ ದೃಢಪಡಲು 140 ವರ್ಷಗಳು ಹಿಡಿದವು: 1915ರಲ್ಲಿ ಜಪಾನಿನ ಯಾಮಗಿವಾ ಮತ್ತು ಇಚಿಕಾವಾ ಎಂಬಿಬ್ಬರು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರನ್ನು ಬಳಿದು ಅರ್ಬುದವನ್ನು ಉಂಟುಮಾಡಿ ತೋರಿಸಿದರು.

ನಮ್ಮ ದೇಶದಲ್ಲಿ ಇದೇ ಸೂತ್ರವು ಮೊದಲು ಕೈಗೆ ಸಿಕ್ಕಿದ್ದು ಕಾಶ್ಮೀರದಲ್ಲಿ. ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆಯನ್ನಿರಿಸಿ, ಅದರಲ್ಲಿ ಕೆಂಡವನ್ನು ತುಂಬಿ, ಫೆರನ್ ಎಂಬ ನಿಲುವಂಗಿಯ ಒಳಗೆ ಹೊಟ್ಟೆಗೂ ತೊಡೆಗೂ ತಾಗುವಂತೆ ಹಿಡಿದು ಕುಳಿತುಕೊಳ್ಳುವುದು ಅಲ್ಲಿಯ ಚಳಿಗಾಲದ ರೂಢಿ; ಆ ಸಾಧನವೇ ಕಾಂಗಡಿ. ಅಲ್ಲಿ ಮಿಶನ್ ವೈದ್ಯನಾಗಿದ್ದ ಎಲ್ಮ್ಸ್ಲಿ ಎಂಬಾತನು, ತನ್ನ ರೋಗಿಗಳ ಅರ್ಬುದವು ಕಿಬ್ಬೊಟ್ಟೆಯ ಮೇಲೂ ತೊಡೆಯ ಒಳಮಗ್ಗುಲಲ್ಲಿಯೂ ಕಾಣಿಸಿಕೊಳ್ಳುವುದನ್ನು ಗಮನಿಸಿ, ಅದಕ್ಕೂ ಕಾಂಗಡಿಗೂ ಇರುವ ನಂಟನ್ನು 1866ರಲ್ಲಿ ವರದಿಮಾಡಿದನು. ಅವನ ತರುವಾಯ ಶ್ರೀನಗರದ ಮಿಶನ್ ಆಸ್ಪತ್ರೆಯಲ್ಲಿ ದೀರ್ಘಕಾಲ ದುಡಿದ ಅರ್ನೆಸ್ಟ್ ನೀವನು ಇಂಥ ಅಸಂಖ್ಯ ರೋಗಿಗಳಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಿದನು. ಈ ರೋಗದಲ್ಲಿ ಮೊದಲು ಚರ್ಮದ ಮೇಲೆ ಬಲೆಯಂತೆ ಕಂದುಗೆಂಪು ಗೆರೆಗಳು ಮೂಡುವುವು. ಬಳಿಕ ಆ ಭಾಗವು ಒಣಗಿ ಒರಟಾಗುವುದು. ಹಲವು ಚಳಿಗಾಲಗಳು ಸಂದ ಮೇಲೆ, ಬಹುಮಟ್ಟಿಗೆ ವೃದ್ಧಾಪ್ಯದಲ್ಲಿ, ಅಲ್ಲೊಂದು ಗಂಟೋ ಹುಣ್ಣೋ ಏಳುವುದು. ಅದು ಶಲ್ಕಕೋಶದ ಅರ್ಬುದ. ಅಲಕ್ಷಿಸಿದಲ್ಲಿ ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಹರಡುವಂಥದು.

ಕಾಂಗಡಿಯ ಬಿಸಿ ಮಾಡಿದುದನ್ನು ಉಡುಪಿನ ಉಜ್ಜುವಿಕೆಯೂ ಮಾಡಬಲ್ಲುದೆಂಬುದನ್ನು ತೋರಿಸಿದವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಖಾನೋಲ್ಕರ್ ಅವರು. ಅವರೂ ಸೂರ್ಯಾಬಾಯಿಯವರೂ ಕೂಡಿ 1945ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಧೋತರವನ್ನು ಪ್ರತಿದಿನವೂ ಒಂದೇ ಜಾಗದಲ್ಲಿ ಬಿಗಿದು ಉಡುವವರ ಸೊಂಟದ ಚರ್ಮದಲ್ಲಿ ಹುಟ್ಟುವ ಅರ್ಬುದವನ್ನು ವಿವರಿಸಿದ್ದಾರೆ. ಸೀರೆಯೊಳಗಿನ ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುವ ಸ್ತ್ರೀಯರಲ್ಲಿಯೂ ಇದೇ ಬಗೆಯ ರೋಗವು ಅನಂತರ ವರದಿಯಾಯಿತು. ಲಾಡಿಯ ಗುರುತಿನುದ್ದಕ್ಕೂ ಬಣ್ಣಗೆಟ್ಟು, ಹೊಪ್ಪಳಿಸಿ, ದಪ್ಪವಾದ ಚರ್ಮವನ್ನು ನಮ್ಮ ಹೆಂಗಸರು ಸಹಜವೆಂದೇ ಬಗೆಯುತ್ತಾರೆ. ಅಲ್ಲಿ ಅರ್ಬುದವು ಏಳುವುದು ವಿರಳವೇ ಸರಿ, ಆದರೂ ವಾಸಿಯಾಗದ ಹುಣ್ಣು ಕಂಡಲ್ಲಿ ಅದನ್ನು ಲಾಡಿಯ ಗಾಯವೆಂದು ತಳ್ಳಿಹಾಕತಕ್ಕದ್ದಲ್ಲ. ಧೋತರ ಸೀರೆಗಳನ್ನುಡುವ ಕನ್ನಡನಾಡಿನಲ್ಲಿ ಈ ಪ್ರಬಂಧವು ಇನ್ನೂ ಹೆಚ್ಚು ಪರಿಚಿತವಾಗಬೇಕಾಗಿತ್ತು.

ಪಾಶ್ಚಾತ್ಯ ಗ್ರಂಥಗಳಲ್ಲಿ ಮುಖ್ಯ ಕಾರಣವಾಗಿ ನಿಲ್ಲುವವನು ಸೂರ್ಯ. 1894ರಲ್ಲಿ ಜರ್ಮನಿಯ ವೈದ್ಯ ಉನ್ನಾ ನಾವಿಕರ ಚರ್ಮದಲ್ಲಿಯೂ, ಎರಡು ವರ್ಷಗಳ ಬಳಿಕ ದುಬ್ರೆಯಿಲ್ ಎಂಬ ವೈದ್ಯನು ಬೋರ್ಡೊ ಪ್ರಾಂತದ ದ್ರಾಕ್ಷಿತೋಟಗಳ ಕೂಲಿಗಳಲ್ಲಿಯೂ ಬಿಸಿಲಿನ ಪರಿಣಾಮವನ್ನು ಗುರುತಿಸಿದರು. ಬಿಳಿಯ ಚರ್ಮದವರಲ್ಲಿ ಇದು ನಿಸ್ಸಂದೇಹವಾದ ಸತ್ಯ. ಆದರೆ ಮೆಲನಿನ್ ವರ್ಣದ್ರವ್ಯವು ಬಹುಮಟ್ಟಿಗೆ ಕಾಪಾಡುವ ನಮ್ಮ ಜನರಲ್ಲಿ, ಬಿಸಿಲು ಕಾಣುವ ಮುಖವನ್ನಷ್ಟೇ ಪರೀಕ್ಷಿಸಿದರೆ ಸಾಲದು. ಹಳೆಯ ಸುಟ್ಟಗಾಯದ ಕಲೆ, ಬಹುಕಾಲದ ಹುಣ್ಣು, ಅಂಗಾಲು, ಉಗುರಿನ ಬುಡ, ಇವುಗಳನ್ನೂ ನೋಡಬೇಕು.

ಚರ್ಮದ ಅರ್ಬುದದಲ್ಲಿ ಶಲ್ಕಕೋಶದ್ದು, ತಳಕೋಶದ್ದು, ಮೆಲನೋಮಾ ಎಂಬ ಮೂರು ಬಗೆಗಳನ್ನು ಬೇರ್ಪಡಿಸಿದ ಕೆಲಸವು ಹತ್ತೊಂಬತ್ತನೆಯ ಶತಮಾನದ್ದು. ರೆಪ್ಪೆಯನ್ನೂ ಮುಖವನ್ನೂ ಮೆಲ್ಲಮೆಲ್ಲನೆ ತಿನ್ನುವ ಹುಣ್ಣನ್ನು 1827ರಲ್ಲಿ ಡಬ್ಲಿನ್ನಿನ ಆರ್ಥರ್ ಜೇಕಬ್ ವರ್ಣಿಸಿದನು. ಅದೇ ತಳಕೋಶದ ಅರ್ಬುದ. ಮುತ್ತಿನಂತೆ ಹೊಳೆಯುವ ಅಂಚು, ನಡುವೆ ಹುಣ್ಣು, ನಮ್ಮವರಲ್ಲಿ ಅನೇಕವೇಳೆ ಕಪ್ಪು ಛಾಯೆ, ಇವು ಅದರ ಕುರುಹುಗಳು; ಅದು ದೂರದ ಅಂಗಗಳಿಗೆ ಹರಡುವುದು ಅತ್ಯಪೂರ್ವ. ಕಪ್ಪು ಅರ್ಬುದವಾದ ಮೆಲನೋಮಾವನ್ನು ಪ್ರತ್ಯೇಕ ರೋಗವೆಂದು 1804ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರತಿಪಾದಿಸಿದವನು, ಮುಂದೆ ಸ್ಟೆತೊಸ್ಕೋಪನ್ನು ಕಂಡುಹಿಡಿದ ಲಾನೆಕ್. ಅದು ಉಗುರಿನಡಿಯಲ್ಲಿ ಹುಟ್ಟಬಹುದೆಂದು 1886ರಲ್ಲಿ ವೈದ್ಯ ಜೊನಾಥನ್ ಹಚಿನ್‌ಸನ್ ಎಚ್ಚರಿಸಿದನು: ಉಗುರಿನ ಕಪ್ಪು ಬಣ್ಣವು ಸುತ್ತಲಿನ ಚರ್ಮಕ್ಕೆ ಹಬ್ಬಿದರೆ ತಡಮಾಡಲಾಗದು. ಬರಿಗಾಲಿನಲ್ಲಿ ನಡೆಯುವವರು ಅಂಗಾಲಿನ ಇಂಥ ಕಲೆಯನ್ನು ಆಣಿಯೆಂದೋ ಮುಳ್ಳು ಚುಚ್ಚಿದ ಗುರುತೆಂದೋ ಎಣಿಸಿ ತಿಂಗಳುಗಳನ್ನು ಕಳೆಯುವುದು ನಿಜಕ್ಕೂ ಮನಕರಗಿಸುವ ಸಂಗತಿ. 1970ರಲ್ಲಿ ಬ್ರೆಸ್ಲೊ ಎಂಬ ವೈದ್ಯನು ತೋರಿಸಿದಂತೆ, ಈ ಅರ್ಬುದವು ಎಷ್ಟು ಮಿಲಿಮೀಟರು ಆಳಕ್ಕಿಳಿದಿದೆಯೆಂಬುದರ ಮೇಲೆ ರೋಗಿಯ ಆಯುಷ್ಯವು ನಿಂತಿದೆ.

ಚಿಕಿತ್ಸೆಯಲ್ಲಿ ಶಸ್ತ್ರವೇ ಇಂದಿಗೂ ಮೊದಲನೆಯದು. 1899ರಲ್ಲಿ ಸ್ವೀಡನ್ನಿನ ವೈದ್ಯರು ಕ್ಷ-ಕಿರಣಗಳಿಂದ ಚರ್ಮದ ಅರ್ಬುದವನ್ನು ಗುಣಪಡಿಸಿದರು. ಆದರೆ ಅದೇ ಕಿರಣಗಳು ಅವುಗಳೊಡನೆ ದುಡಿದವರ ಕೈಗಳಲ್ಲಿ ಅರ್ಬುದವನ್ನು ಹುಟ್ಟಿಸಿದುದೂ ಕೆಲವೇ ವರ್ಷಗಳಲ್ಲಿ ತಿಳಿದುಬಂತು. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಫ್ರೆಡರಿಕ್ ಮೋಸ್ ರೂಪಿಸಿ 1941ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಅರ್ಬುದವನ್ನು ಪದರಪದರವಾಗಿ ತೆಗೆದು, ಪ್ರತಿ ಪದರದ ಅಡಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಬೇರು ಉಳಿದಿರುವ ಕಡೆ ಮಾತ್ರ ಮತ್ತೆ ಕತ್ತರಿಸುವರು. ಮೂಗು ರೆಪ್ಪೆಗಳಂಥ ಕಡೆ ಒಳ್ಳೆಯ ಚರ್ಮವು ಇದರಿಂದ ಉಳಿಯುತ್ತದೆ. ಹರಡಿದ ಮೆಲನೋಮಾಕ್ಕೆ ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ಔಷಧಗಳು 2011ರಿಂದೀಚೆಗೆ ಬಂದಿವೆ.

ಹಚಿನ್‌ಸನ್ನನೇ ಚರ್ಮದ ಅರ್ಬುದಕ್ಕೆ ಮತ್ತೊಂದು ಮೂಲವನ್ನೂ ಕಂಡಿದ್ದನು: ಬಹುಕಾಲ ಆರ್ಸೆನಿಕ್ ಔಷಧವನ್ನು ಸೇವಿಸಿದವರ ಚರ್ಮದಲ್ಲಿ ಅರ್ಬುದವು ಏಳುತ್ತಿತ್ತು. ಯಾದಗಿರಿ ಜಿಲ್ಲೆಯಲ್ಲಿ, ಹಳೆಯ ಚಿನ್ನದ ಗಣಿಯೊಂದರ ಸಮೀಪದ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಅದೇ ಆರ್ಸೆನಿಕ್ ಇರುವುದೂ, ಆ ನೀರನ್ನು ಕುಡಿದವರ ಅಂಗೈ ಅಂಗಾಲುಗಳು ಜಡ್ಡುಗಟ್ಟಿ ಗುಳ್ಳೆಗುಳ್ಳೆಯಾಗಿರುವುದೂ ಈ ಶತಮಾನದ ಸಂಶೋಧಕರ ವರದಿಗಳಲ್ಲಿ ದಾಖಲಾಗಿದೆ. ಆ ಜಡ್ಡಿನಿಂದಲೇ ಮುಂದೆ ಅರ್ಬುದವು ಹುಟ್ಟಬಲ್ಲುದಾದುದರಿಂದ, ಅಂಥ ಊರಿನಲ್ಲಿ ವೈದ್ಯನು ಮೊದಲು ಕೇಳತಕ್ಕದ್ದು ಕುಡಿಯುವ ನೀರು ಯಾವ ಬಾವಿಯದೆಂಬುದನ್ನು. ಮೊದಲು ಮಾಡಿಸತಕ್ಕದ್ದು ಆ ನೀರನ್ನು ನಿಲ್ಲಿಸಿ ಬೇರೆ ನೀರನ್ನು ಒದಗಿಸುವುದನ್ನು.