75 ವರ್ಷದ ನಂತರ ನೆಲದಿಂದ ಎದ್ದ ರೋಗ

ರಷ್ಯಾದ ಉತ್ತರ ತುದಿಯಲ್ಲಿ ಯಮಾಲ್ ಎಂಬ ಸೀಮೆಯಿದೆ. ಅಲ್ಲಿನ ನೆನೆಟ್ಸ್ ಜನ ನಮ್ಮ ಕುರಿಗಾಹಿಗಳ ಹಾಗೆ ಹಿಮಸಾರಂಗದ ಮಂದೆ ಹೊಡೆದುಕೊಂಡು ಅಲೆಯುವವರು. ಅಲ್ಲಿ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಕರಗುವುದು ಮೇಲಿನ ಪದರ ಮಾತ್ರ. ಸತ್ತ ಪ್ರಾಣಿಯನ್ನು ಆಳವಾಗಿ ಹೂಳುವುದು ಕಷ್ಟ.

ಆಂಥ್ರಾಕ್ಸ್, ಅಂದರೆ ನಮ್ಮ ಕಡೆಯ ನೆರಡಿ ರೋಗ, ಹಿಂದೆ ಅಲ್ಲಿ ಮತ್ತೆ ಮತ್ತೆ ಬಂದು ಮಂದೆಗಳನ್ನು ಕೊಂದಿತ್ತು. 1941ರ ನಂತರ ಕಾಣಿಸಲಿಲ್ಲ. ರೋಗವೇ ಇಲ್ಲವಲ್ಲ ಎಂದು 2007ರಲ್ಲಿ ಸಾರಂಗಗಳಿಗೆ ಲಸಿಕೆ ಹಾಕುವುದನ್ನೇ ನಿಲ್ಲಿಸಿದರು.

2016ರ ಬೇಸಿಗೆಯಲ್ಲಿ ಅಲ್ಲಿನ ತಾಪಮಾನ 35 ಡಿಗ್ರಿ ಹತ್ತಿರ ಹೋಯಿತು. ನೆಲ ಎಂದಿಗಿಂತ ಆಳಕ್ಕೆ ಕರಗಿತು. ಹಳೆಯ ಕಳೇಬರಗಳ ಜೊತೆ ಮಣ್ಣಲ್ಲಿ ಉಳಿದಿದ್ದ ರೋಗಾಣು ಹೀಗೆ ಮೇಲೆ ಬಂತು ಎನ್ನುತ್ತಾರೆ ವಿಜ್ಞಾನಿಗಳು. 2,000ಕ್ಕೂ ಹೆಚ್ಚು ಹಿಮಸಾರಂಗ ಸತ್ತವು. ಹತ್ತಾರು ಜನ ಆಸ್ಪತ್ರೆ ಸೇರಿದರು. 12 ವರ್ಷದ ಹುಡುಗನೊಬ್ಬ ತೀರಿಕೊಂಡ. ಸೈನ್ಯ ಬಂದು ಕಳೇಬರಗಳನ್ನು ಸುಟ್ಟಿತು. ಲಸಿಕೆ ಮತ್ತೆ ಶುರುವಾಯಿತು.

ಬಿಸಿಲು ತಡೆಯುವುದು ಆ ಮಂದೆಯವರ ಕೈಯಲ್ಲಿರಲಿಲ್ಲ. ಲಸಿಕೆ ಮುಂದುವರಿಸುವುದು ಸರ್ಕಾರದ ಕೈಯಲ್ಲಿತ್ತು. ಪಶು ಆಸ್ಪತ್ರೆಯವರು ಊರಿಗೆ ಬಂದಾಗ ‘ಈಗ ರೋಗ ಎಲ್ಲಿದೆ ಸಾರ್’ ಎನ್ನುವವರಿಗೆ ಯಮಾಲ್ ಕಥೆ ಹೇಳಿ.