ಕೆಂಭಾವಿಯ ಒಂದು ಕಥೆ, ಮೂರು ನಡೆ

ಸುರಪುರ ಸೀಮೆಯ ಕೆಂಭಾವಿ, ದಾರಿಹೋಕರಿಗೆ ಹತ್ತರಲ್ಲಿ ಹನ್ನೊಂದನೆಯ ಊರು. ಶರಣರ ಚರಿತ್ರೆಯನ್ನು ಓದಿದವರಿಗೆ ಮಾತ್ರ ಆ ಹೆಸರಿನೊಡನೆ ಇನ್ನೊಂದು ಹೆಸರು ತಾನಾಗಿ ನಾಲಗೆಗೆ ಬರುತ್ತದೆ. ಮುದನೂರಿಗೆ ದೇವರ ದಾಸಿಮಯ್ಯ ಹೇಗೋ ಕೆಂಭಾವಿಗೆ ಭೋಗಣ್ಣ ಹಾಗೆ.

ಕಥೆ ಚಿಕ್ಕದು. ಊರು ಹೊರಗಿಟ್ಟ ಕುಲದವನ ವೇಷದಲ್ಲಿ ಶಿವನು ಭೋಗಣ್ಣನ ಮನೆಗೆ ಬರುತ್ತಾನೆ. ಭೋಗಣ್ಣನು ಅವನನ್ನು ಒಳಗೆ ಕರೆದು ಸತ್ಕರಿಸುತ್ತಾನೆ. ಮೈಲಿಗೆಯಾಯಿತೆಂದು ಊರಿನ ಬ್ರಾಹ್ಮಣರು ಕೆರಳುತ್ತಾರೆ. ಭೋಗಣ್ಣನು ಊರು ಬಿಡಬೇಕಾಗುತ್ತದೆ. ಅವನು ಹೊರಟರೆ ಗುಡಿಗಳೊಳಗಿನ ಲಿಂಗಗಳೂ ಅವನ ಬೆನ್ನು ಹತ್ತಿ ಹೊರಡುತ್ತವೆ. ಬರಿದಾದ ಗುಡಿಗಳನ್ನು ಕಂಡು ದಿಗಿಲುಗೊಂಡವರು ಅವನನ್ನು ಬೇಡಿಕೊಂಡು ಹಿಂದಕ್ಕೆ ಕರೆತರುತ್ತಾರೆ.

ಈ ಕಥೆಗೆ ಹರಿಹರನ ರಗಳೆಯುಂಟು. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದ ದ್ವಿಪದಿಯುಂಟು. ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಮುಗಿಸಿದ ಕನ್ನಡ ಬಸವಪುರಾಣದ ಭಾಮಿನಿ ಷಟ್ಪದಿಯುಂಟು. ಕಥೆ ಒಂದೇ, ನಡೆ ಮೂರು. ನಾನು ಹೇಳಹೊರಟಿರುವುದು ಆ ನಡೆಯ ವಿಚಾರ.

ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಮೂವತ್ತು ವರ್ಷ ತರಗತಿಯಲ್ಲಿ ಲಘು ಗುರುಗಳ ಪ್ರಸ್ತಾರ ಹಾಕಿಸಿದವನು ನಾನು. ರಗಳೆಯ ಪಾಠ ಬಂದಾಗಲೆಲ್ಲ 'ಪುನರುಕ್ತಿ ಹೆಚ್ಚು' ಎಂಬ ಒಂದು ವಾಕ್ಯವನ್ನು ಗುಣದೋಷಗಳ ಪಟ್ಟಿಯಲ್ಲಿ ದೋಷದ ಕಡೆಗೆ ಬರೆಸುತ್ತಿದ್ದೆ. ವಿದ್ಯಾರ್ಥಿಗಳು ಅದನ್ನೇ ಬರೆದು ಅಂಕ ಪಡೆದರು. ಆದರೆ ಚಿಕ್ಕಂದಿನಲ್ಲಿ ಕಣದಲ್ಲಿ ನಾನೇ ಕೇಳಿದ್ದ ಹಂತಿಯ ಹಾಡು ಆ ವಾಕ್ಯವನ್ನು ಸುಳ್ಳೆನ್ನುತ್ತಿತ್ತು. ಮೇಟಿಯ ಸುತ್ತ ಎತ್ತುಗಳು ತಿರುಗುತ್ತವೆ. ಒಬ್ಬನು ಹಾಡುತ್ತಾನೆ, ಉಳಿದವರು ಸೊಲ್ಲು ಎತ್ತುತ್ತಾರೆ. ಮರಳಿ ಬಂದ ಸೊಲ್ಲಿನಲ್ಲಿ ಹೊಸ ಅರ್ಥವಿಲ್ಲ, ನಿಜ. ಎತ್ತಿನ ಮುಂದಿನ ಹೆಜ್ಜೆ ಅದರಲ್ಲಿದೆ.

ಭೋಗಣ್ಣನ ಕಥೆಯ ಜೀವವೂ ಹೆಜ್ಜೆಯಲ್ಲಿಯೇ ಇದೆ. ಲಿಂಗಗಳೆಲ್ಲ ಹೊರಟವು ಎಂದು ಒಂದೇ ಮಾತಿನಲ್ಲಿ ಹೇಳಿದರೆ ಅದು ಸುದ್ದಿ. ಈ ಗುಡಿಯದು ಹೊರಟಿತು, ಆ ಗುಡಿಯದು ಹೊರಟಿತು ಎಂದರೆ ಮೆರವಣಿಗೆ. ರಗಳೆ ಇಂಥದಕ್ಕೆ ಹೇಳಿಮಾಡಿಸಿದ ಮಟ್ಟು. ಮಂದಾನಿಲದಲ್ಲಿ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಲಲಿತದಲ್ಲಿ ಐದು ಮಾತ್ರೆಯ ನಾಲ್ಕು ಗಣ. ಎರಡೆರಡು ಸಾಲು ಪ್ರಾಸದಿಂದ ಜೊತೆಗೂಡುತ್ತವೆ. ಇಷ್ಟೇ ಸಾಲು ಎಂಬ ಕಟ್ಟಿಲ್ಲ. ದಾರಿ ಇರುವಷ್ಟು ನಡೆಯಬಹುದು.

ದ್ವಿಪದಿಗೂ ಈ ಸ್ವಾತಂತ್ರ್ಯವಿದೆ, ಆದರೆ ಅದರ ನಡಿಗೆ ಹೆಚ್ಚು ಬಿಗಿ. ಪ್ರತಿ ಸಾಲಿಗೆ ಮೂರು ಇಂದ್ರಗಣ, ಕೊನೆಗೊಂದು ಸೂರ್ಯಗಣ. ತೆಲುಗಿನ ಯತಿ ನಾವು ತಿಳಿದಂತೆ ಬರಿಯ ನಿಲುಗಡೆಯಲ್ಲ. ಸಾಲಿನ ಮೊದಲಕ್ಷರಕ್ಕೂ ಮೂರನೆಯ ಗಣದ ಮೊದಲಕ್ಷರಕ್ಕೂ ಇರಬೇಕಾದ ಮೈತ್ರಿ. ಅದರ ಮೇಲೆ ಎರಡು ಸಾಲುಗಳಿಗೂ ಆದಿಪ್ರಾಸ.

ಈ ಆದಿಪ್ರಾಸವೆಂಬುದು ಕವಿಗೆ ಬೇಡಿಯೆಂದು ಹಲವರ ದೂರು. ನಮ್ಮ ಕಥೆಯ ಎರಡು ಹೆಸರುಗಳನ್ನೇ ಪರೀಕ್ಷಿಸಿ ನೋಡೋಣ. 'ಕೆಂಭಾವಿ' ಎಂದು ಷಟ್ಪದಿಯೊಂದನ್ನು ತೊಡಗಿದರೆ ಅದು ಬಿಂದುವಿನ ವೃಷಭಪ್ರಾಸ. ಆರು ಸಾಲಿನ ಎರಡನೆಯ ಅಕ್ಷರವೂ ಬಿಂದುವಿನ ಮುಂದಿನ ಭಕಾರವೇ ಆಗಬೇಕು. ಶಂಭು, ಕುಂಭ, ರಂಭೆ, ಡಂಭ ಎನ್ನುವಷ್ಟರಲ್ಲಿ ಕವಿಯ ಗಂಟು ಹೆಚ್ಚುಕಡಿಮೆ ಬರಿದಾಗುತ್ತದೆ. ನಮ್ಮ ಜನರ ಬಾಯಲ್ಲಿ ಮಹಾಪ್ರಾಣ ನಿಲ್ಲದು. ಅವರಂತೆ 'ಕೆಂಬಾವಿ' ಎಂದರೆ ನಂಬು, ತುಂಬು, ಹಂಬಲಗಳೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತವೆ! ಇನ್ನು 'ಭೋಗಣ್ಣ' ಎಂದು ತೊಡಗಿದರೋ, ಮೊದಲಕ್ಷರ ದೀರ್ಘವಾದ ಗಜಪ್ರಾಸ. ಗಕಾರಕ್ಕೆ ಒದಗುವ ಅಚ್ಚಗನ್ನಡ ಮಾತುಗಳು ಯಾವುವು? ಹೋಗು, ಸಾಗು, ಕೂಗು, ಬಾಗು, ಬೇಗ. ಊರು ಬಿಟ್ಟು ಹೋದದ್ದು, ಲಿಂಗಗಳು ಸಾಗಿದ್ದು, ಜನ ಕೂಗಿದ್ದು, ಕೊನೆಗೆ ಬಾಗಿದ್ದು. ಕಥೆಯ ಕ್ರಿಯಾಪದಗಳೆಲ್ಲ ನಾಯಕನ ಹೆಸರಿನೊಳಗೇ ಕಾದು ಕುಳಿತಂತಿವೆ. ಯಾವ ಕವಿ ಇದನ್ನು ಎಷ್ಟು ಬಳಸಿದನೆಂಬ ಲೆಕ್ಕ ನಾನು ಒಪ್ಪಿಸುತ್ತಿಲ್ಲ. ಭಾಷೆ ಕವಿಯ ಕೈಗಿಟ್ಟ ಸಾಮಗ್ರಿ ಎಂಥದೆಂಬುದಷ್ಟೇ ನನ್ನ ಮಾತು. ಬೇಡಿಯೆಂದವರು ಇದನ್ನು ಗೆಜ್ಜೆಯೆಂದೂ ಕೇಳಬಹುದು.

ಷಟ್ಪದಿಯ ಸಂಗತಿ ಬೇರೆ. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು ನಾಲ್ಕರ ಗಣಗಳಲ್ಲಿ 14 ಮಾತ್ರೆ; ಮೂರು ಮತ್ತು ಆರನೆಯ ಸಾಲಿಗೆ ಕೊನೆಯ ಗುರುವೂ ಸೇರಿ 23. ಒಟ್ಟು 102 ಮಾತ್ರೆಗೆ ಪದ್ಯ ಮುಗಿಯಿತು. ಮೂರನೆಯ ಸಾಲಿನಲ್ಲಿ ಅರ್ಧ ಉಸಿರು, ಆರನೆಯದರಲ್ಲಿ ಪೂರ್ಣ ಉಸಿರು. ಇಲ್ಲಿ ಮೆರವಣಿಗೆ ನಿಂತು ನಿಂತು ನಡೆಯಬೇಕು. ಕಥೆಗೆ ಇದರಿಂದ ನಷ್ಟವಾಯಿತೆಂದೇ ನಾನು ಬಹುಕಾಲ ನಂಬಿದ್ದೆ.

ಕೆಲವು ವರ್ಷಗಳ ಹಿಂದೆ ಶ್ರಾವಣದಲ್ಲಿ ಆ ಸೀಮೆಯ ಮಠವೊಂದರಲ್ಲಿ ಬಸವಪುರಾಣ ಹಚ್ಚಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಇದು ಅಲ್ಲಿನ ಪದ್ಧತಿ. ಭೋಗಣ್ಣನ ಕಥೆ ಬಂದ ದಿನ ನಾನೂ ಹಿಂದೆ ಕುಳಿತಿದ್ದೆ. ಲಿಂಗಗಳು ಹೊರಟ ಪದ್ಯ ಮುಗಿಯಿತು. ಅರ್ಥ ಹೇಳುವವರು ಎರಡು ಮಾತಿನಲ್ಲಿ ಮುಗಿಸಿ ಮುಂದಿನ ಪದ್ಯಕ್ಕೆ ಸನ್ನೆ ಮಾಡಿದರು. ಆಗ ಕಂಬಕ್ಕೆ ಒರಗಿ ಕುಳಿತಿದ್ದ ಮುದುಕಿಯೊಬ್ಬಳು ಕೇಳಿದಳು: "ಅಪ್ಪಾರೇ, ಎಲ್ಲಾ ಗುಡ್ಯಾನ ಲಿಂಗನೂ ಹೊಂಟ್ವೇನ್ರಿ?"

ಅವರು ತಡೆದರು. ಆಮೇಲೆ ನಗುತ್ತ, ಊರಿನ ಗುಡಿಗಳನ್ನು ಒಂದೊಂದಾಗಿ ಎಣಿಸತೊಡಗಿದರು: ಅಗಸಿಯ ಬದಿಯ ಗುಡಿಯದು, ಅದೂ ಹೊಂಟಿತು, ಕೆರೆ ದಂಡೆಯದು, ಅದೂ ಹೊಂಟಿತು. ಮೂರನೆಯ ಗುಡಿಗೆ ಬರುವಷ್ಟರಲ್ಲಿ 'ಅದೂ ಹೊಂಟಿತು' ಎಂಬುದನ್ನು ಸಭೆಯೇ ಹೇಳುತ್ತಿತ್ತು.