ಹಾಸ್ಟೆಲಿನ ಆಟದಲ್ಲಿ ಬಿದ್ದ ವಿಮಾನ, 1990ರ ಬೆಂಗಳೂರು

ಶಂಕರಘಟ್ಟದಲ್ಲಿ ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ವಿಮಾನ ಓಡಿಸುವ ಸಿಮ್ಯುಲೇಟರ್ ಇತ್ತು. ಆಟೋಪೈಲಟ್ ಹಾಕಿ ಇಳಿಸಲು ಹೋದರೆ ವಿಮಾನ ಪ್ರತಿ ಸಲವೂ ರನ್‌ವೇ ಮುಟ್ಟುವ ಮೊದಲೇ ಬೀಳುತ್ತಿತ್ತು. ಆಟವೇ ಕೆಟ್ಟಿದೆ ಅಂದುಕೊಂಡೆವು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಮ್ಮದೇ ರಾಜ್ಯದ ಒಂದು ದುರಂತ.

1990ರ ಫೆಬ್ರವರಿ 14, ಮಧ್ಯಾಹ್ನ. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಏರ್‌ಬಸ್ ಎ320, ದೇಶಕ್ಕೆ ಆಗಷ್ಟೇ ಬಂದಿದ್ದ ಕಂಪ್ಯೂಟರ್ ವಿಮಾನ. ಆಕಾಶ ತಿಳಿಯಾಗಿತ್ತು, ರನ್‌ವೇ ಕಣ್ಣೆದುರಿಗಿತ್ತು. ಆದರೂ ವಿಮಾನ ಪಕ್ಕದ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು.

ಹೈಕೋರ್ಟ್ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ವಿಚಾರಣೆ ನಡೆಸಿದರು. ಎಂಜಿನ್ ಕೆಟ್ಟಿರಲಿಲ್ಲ. ಎಂಜಿನ್ ಶಕ್ತಿ ನೋಡಿಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ 'ಓಪನ್ ಡಿಸೆಂಟ್' ಎಂಬ ಮೋಡ್‌ನಲ್ಲಿ ಉಳಿದಿತ್ತು. ಆ ಮೋಡ್‌ನಲ್ಲಿ ಎಂಜಿನ್ ಐಡಲ್‌ನಲ್ಲೇ ಇರುತ್ತದೆ. ವೇಗ ಉಳಿಯುವುದು ಮೂಗು ಕೆಳಗಿದ್ದರೆ ಮಾತ್ರ.

ಆಗುಂಬೆ ಘಾಟಿ ಇಳಿಯುವಾಗ ಬೈಕಿನ ಆಕ್ಸಿಲೇಟರ್ ಬಿಟ್ಟಿರುತ್ತೇವಲ್ಲ, ಹಾಗೆ. ಇಳಿಜಾರು ಮುಗಿದ ಮೇಲೂ ಆಕ್ಸಿಲೇಟರ್ ಕೊಡದಿದ್ದರೆ ಬೈಕ್ ನಿಧಾನವಾಗಲೇಬೇಕು. ಇಲ್ಲಿಯೂ ಎತ್ತರ ಉಳಿಸಿಕೊಳ್ಳಲು ಮೂಗು ಮೇಲೆತ್ತಿದಂತೆ ವೇಗ ಕರಗಿತು. ಬೇಕಿದ್ದ 132 ನಾಟ್ ವೇಗ ಸುಮಾರು 106ಕ್ಕೆ ಇಳಿಯಿತು. ಗೊತ್ತಾಗಿ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟರೂ ಐಡಲ್‌ನಿಂದ ಮೇಲೇಳಲು ಎಂಜಿನ್‌ಗೆ ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ.

ಪೈಲಟ್‌ಗಳು ಮೋಡ್ ಗಮನಿಸಲಿಲ್ಲ, ವೇಗ ಬೀಳುವುದನ್ನೂ ತಡವಾಗಿ ಕಂಡರು ಎಂಬುದು ವಿಚಾರಣೆಯ ಮುಖ್ಯ ಮಾತು. ಆದರೆ ಆ ಇಬ್ಬರಿಗೂ ಈ ವಿಮಾನ ಹೊಸದು ಎಂಬುದನ್ನು ಮರೆಯಬಾರದು. ದುರಂತದ ಬಳಿಕ ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ320ಗಳನ್ನೂ ಕೆಲಕಾಲ ನೆಲಕ್ಕಿಳಿಸಿತ್ತು.

ನಾವು ಹಾಸ್ಟೆಲಿನಲ್ಲಿ ಮಾಡುತ್ತಿದ್ದ ತಪ್ಪೂ ಅದೇ. ಆಟೋಪೈಲಟ್ ಹಾಕಿದ್ದೇವೆ, ವೇಗವನ್ನೂ ಅದೇ ನೋಡಿಕೊಳ್ಳುತ್ತದೆ ಎಂದು ನಂಬಿದ್ದೆವು. ಪರದೆಯ ಮೇಲ್ತುದಿಯಲ್ಲಿ ಮೋಡ್‌ನ ಹೆಸರು ಬರೆದೇ ಇತ್ತು, ಓದಿರಲಿಲ್ಲ.

2023ರಿಂದ ನಮ್ಮ ಸೋಗಾನೆಗೂ ವಿಮಾನ ಬರುತ್ತಿದೆ. ಊರಿನ ಮಕ್ಕಳು ಫೋನಿನಲ್ಲಿ ವಿಮಾನ ಇಳಿಸಿ ಆಡುತ್ತಾರೆ. ಅವರಿಗೆ ನಾವು ಹೇಳುವುದು ಇಷ್ಟೇ: ಯಂತ್ರಕ್ಕೆ ಕೆಲಸ ಒಪ್ಪಿಸಿದ ಮೇಲೆ, ಅದು ಯಾವ ಕೆಲಸ ಮಾಡುತ್ತಿದೆ ಎಂದು ಒಮ್ಮೆ ನೋಡಿ.